ಗಂಭೀರ ಪಾಪ ಮಾಡಿದೀನಾ ಇಲ್ವಾ ಅಂತ ತಿಳಿಯೋದು ಹೇಗೆ? ಗೊತ್ತಿರೋರು ದಯವಿಟ್ಟು ಹೇಳಿ

ಹುಡುಕಾಟ:
ಎಲ್ಲರಿಗೂ ನಮಸ್ಕಾರ. ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಓಡಾಡ್ತಾ ಇದೆ, "ಮಾರಕ ಪಾಪಗಳು" ಅಂತ ತಲೆಬರಹ. ಕೊಲೆ, ವ್ಯಭಿಚಾರ, ಕಳ್ಳತನ, ಸುಳ್ಳು ಸಾಕ್ಷಿ, ಮಾಟ ಮಂತ್ರ, ಚರ್ಚಲ್ಲಿ ಭಾನುವಾರದ ಬಲಿಪೂಜೆ (ಮಾಸ್) ತಪ್ಪಿಸೋದು, ಕುಡಿದು ಗಾಡಿ ಓಡಿಸೋದು ಹೀಗೆ ಎಲ್ಲ ಒಂದೇ ಸಾಲಲ್ಲಿ ಹಾಕಿ, ಕೊನೆಗೆ ಇದರಲ್ಲಿ ಒಂದನ್ನಾದ್ರೂ ಮಾಡಿ ಪಾಪನಿವೇದನೆ (ಪಾದ್ರಿ ಹತ್ರ ಪಾಪ ಹೇಳ್ಕೊಂಡು ಕ್ಷಮೆ ಪಡೆಯೋದು) ಇಲ್ಲದೆ ಸತ್ರೆ ನೇರ ನರಕ ಅಂತ ಬರೆದಿದಾರೆ. ಓದಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಮ್ಮ ಫಾದರ್ ಹತ್ರ ಕೇಳಿದ್ರೆ "ಪಟ್ಟಿ ನೋಡಿ ಹೆದರಬೇಡ, ಮೂರು ಷರತ್ತು ಇದೆ" ಅಂದ್ರು, ಪೂಜೆಗೆ ಹೊತ್ತಾಗಿತ್ತು, ಪೂರ್ತಿ ಮಾತಾಡೋಕೆ ಆಗ್ಲಿಲ್ಲ. ಆ ಮೂರು ಷರತ್ತು ಏನು, ಮತ್ತೆ ಅದು ನನ್ನ ವಿಷಯದಲ್ಲಿ ಪೂರ್ತಿ ಆಗಿದೆಯಾ ಇಲ್ವಾ ಅಂತ ನನಗೆ ಹೇಗೆ ಗೊತ್ತಾಗಬೇಕು? ವಾದ ಮಾಡೋಕೆ ಕೇಳ್ತಿಲ್ಲ, ನಿಜವಾಗ್ಲೂ ತಿಳ್ಕೋಬೇಕು.

ಧರ್ಮೋಪದೇಶ ಟೀಚರ್:
ಒಳ್ಳೆ ಪ್ರಶ್ನೆ ಕೇಳಿದೀರಿ. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೊರಡಿಸಿದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇದೆಯಲ್ಲ, ಅದರ 1854ರಿಂದ 1864ರವರೆಗಿನ ಪ್ಯಾರಾಗಳನ್ನ ಒಂದ್ಸಲ ಓದಿ, ಹೆಚ್ಚು ಪುಟ ಇಲ್ಲ, ಅರ್ಧ ಗಂಟೇಲಿ ಮುಗಿಯತ್ತೆ. 1857ರಲ್ಲಿ ಆ ಮೂರು ಷರತ್ತು ಇದೆ. ಮಾಡಿದ ಕೆಲಸದ ವಿಷಯ ಗಂಭೀರವಾಗಿರಬೇಕು, ಅದು ಗಂಭೀರ ಅಂತ ಪೂರ್ಣ ಅರಿವಿರಬೇಕು, ಮತ್ತೆ ಬೇಕು ಅಂತಲೇ ಮನಸಾರೆ ಒಪ್ಪಿ ಮಾಡಿರಬೇಕು. ಮೂರೂ ಒಟ್ಟಿಗೆ ಇದ್ರೆ ಮಾತ್ರ ಮಾರಕ ಪಾಪ. ಒಂದು ಕಡಿಮೆ ಆದ್ರೂ ಪಾಪ ಇರಬಹುದು ಆದ್ರೆ ಅದು ದೇವರ ಜೊತೆಗಿನ ಸಂಬಂಧವನ್ನ ಕಡಿದು ಹಾಕೋ ಪಾಪ ಅಲ್ಲ, ಅದನ್ನ ಲಘು ಪಾಪ ಅಂತೀವಿ.

ಈಗ ನಿಮಗೆ ಬಂದ ಪಟ್ಟಿ ನೋಡಿ. ಅದು ಏನನ್ನ ಹೇಳತ್ತೆ? ಮೊದಲನೇ ಷರತ್ತನ್ನ ಮಾತ್ರ. ಈ ಕೆಲಸಗಳು ವಿಷಯದಲ್ಲಿ ಗಂಭೀರ ಅಂತ. ಅಷ್ಟು ಮಟ್ಟಿಗೆ ಪಟ್ಟಿ ಬಹುತೇಕ ಸರಿಯಾಗೇ ಇದೆ. ಉಳಿದ ಎರಡು ಷರತ್ತು ಇರೋದು ಮನುಷ್ಯನ ಒಳಗೆ, ಅದನ್ನ ಯಾವ ಪಟ್ಟಿಯೂ ಹೇಳೋಕಾಗಲ್ಲ. ನಾನು ಎಷ್ಟೋ ವರ್ಷದಿಂದ ಮಕ್ಕಳಿಗೆ ಇದನ್ನ ಕಲಿಸ್ತಾ ಇದೀನಿ, ಪಟ್ಟಿ ಬಾಯಿಪಾಠ ಮಾಡಿಸಿ ಬಿಟ್ಟುಬಿಟ್ರೆ ಎರಡು ಥರದ ಮಕ್ಕಳು ತಯಾರಾಗ್ತಾರೆ, ಒಂದು ಎಲ್ಲಕ್ಕೂ ನಡುಗೋ ಮಕ್ಕಳು, ಇನ್ನೊಂದು ದೊಡ್ಡವರಾದ ಮೇಲೆ ಇದೆಲ್ಲ ಹೆದರಿಸೋಕೆ ಹೇಳಿದ್ದು ಅಂತ ಪೂರ್ತಿ ಕೈಬಿಡೋರು. ಎರಡೂ ನೋಡಿದಾಗ ತುಂಬ ನೋವಾಗತ್ತೆ.

ನೇರಮಾತು:
ಟೀಚರ್ ಹೇಳಿದ್ದು ಸರಿ, ಆದ್ರೆ ನನ್ನ ಒಂದು ಆಕ್ಷೇಪ ಇದೆ. ಈಗಿನ ಕಾಲದಲ್ಲಿ ಎಲ್ಲರೂ ಆ ಎರಡನೇ ಮೂರನೇ ಷರತ್ತನ್ನ ಹಿಡ್ಕೊಂಡು ತಪ್ಪಿಸ್ಕೊಳ್ತಾ ಇದಾರೆ. "ನನಗೆ ಪೂರ್ಣ ಅರಿವಿರಲಿಲ್ಲ", "ಪರಿಸ್ಥಿತಿ ಹಾಗಿತ್ತು", ಮುಗೀತು. ಅದೇ ಗ್ರಂಥದ 1859ನ್ನೂ ಓದಿ ಸ್ವಾಮಿ. ಗೊತ್ತಿಲ್ಲದ ಹಾಗೆ ನಟಿಸೋದು, ಹೃದಯ ಕಲ್ಲು ಮಾಡ್ಕೊಳ್ಳೋದು ಪಾಪದ ಹೊಣೆಯನ್ನ ಕಡಿಮೆ ಮಾಡಲ್ಲ, ಹೆಚ್ಚೇ ಮಾಡತ್ತೆ ಅಂತಿದೆ. 1791ನೇ ಪ್ಯಾರಾದಲ್ಲಿ ಸತ್ಯ ಏನು ಒಳ್ಳೇದು ಏನು ಅಂತ ತಿಳ್ಕೊಳ್ಳೋ ಗೋಜಿಗೇ ಹೋಗದೆ ಇರೋನ ಅಜ್ಞಾನಕ್ಕೆ ಅವನೇ ಹೊಣೆ ಅಂತಿದೆ. ಫೋನಲ್ಲಿ ಏನು ಬೇಕಾದ್ರೂ ಹುಡುಕಿ ಓದೋ ನಾವು ದೇವರ ಕಟ್ಟಳೆ ಮಾತ್ರ ಗೊತ್ತಿರಲಿಲ್ಲ ಅಂದ್ರೆ ಯಾರು ನಂಬ್ತಾರೆ?

ಪಟ್ಟಿ ಹಾಕಿದ್ರಿಂದಲಾದ್ರೂ ಒಬ್ಬ ಮನುಷ್ಯ ಪಾಪನಿವೇದನೆಗೆ ಹೋದ್ರೆ ಆ ಪಟ್ಟಿ ಒಳ್ಳೇದೇ ಮಾಡ್ತು ಅಂತ ನನ್ನ ಅಭಿಪ್ರಾಯ. ಪಾಪ ಅನ್ನೋ ಮಾತನ್ನೇ ಬಾಯಲ್ಲಿ ತರದ ಪ್ರಸಂಗಗಳನ್ನ ಕೇಳಿ ಕೇಳಿ ಸಾಕಾಗಿದೆ.

ಧರ್ಮೋಪದೇಶ ಟೀಚರ್:
ನೇರಮಾತು ಅವರೇ, ನಿಮ್ಮ ಕಳಕಳಿ ಅರ್ಥ ಆಗತ್ತೆ, ನಟನೆಯ ಅಜ್ಞಾನದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಒಪ್ತೀನಿ. ಲೂಕನ ಶುಭಸಂದೇಶ 12ರಲ್ಲಿ ಯೇಸುಸ್ವಾಮಿನೇ ಹೇಳ್ತಾರಲ್ಲ, ಯಜಮಾನನ ಮನಸ್ಸು ಗೊತ್ತಿದ್ದೂ ಮಾಡದ ಆಳಿಗೆ ಹೆಚ್ಚು ಏಟು, ಗೊತ್ತಿಲ್ಲದವನಿಗೆ ಕಡಿಮೆ ಅಂತ. ಆದ್ರೆ ಅದೇ ಗ್ರಂಥ ಮುಂದಿನ ಪ್ಯಾರಾದಲ್ಲೇ, 1860ರಲ್ಲಿ, ತಾನಾಗಿ ತಂದ್ಕೊಳ್ಳದ ಅಜ್ಞಾನ ಹೊಣೆಯನ್ನ ಕಡಿಮೆ ಮಾಡಬಹುದು, ಪೂರ್ತಿ ತೆಗೆದೂ ಹಾಕಬಹುದು ಅಂತಲೂ ಹೇಳತ್ತೆ. ಭಾವೋದ್ವೇಗ, ಹೊರಗಿನ ಒತ್ತಡ, ಮಾನಸಿಕ ಕಾಯಿಲೆ ಇವೂ ಲೆಕ್ಕಕ್ಕೆ ಬರತ್ತೆ. 1735ನೇ ಪ್ಯಾರಾದಲ್ಲಿ ಭಯ, ಅಭ್ಯಾಸಬಲ ಅಂತಲೂ ಸೇರಿಸಿದಾರೆ. ಎರಡು ಪ್ಯಾರಾನೂ ಒಟ್ಟಿಗೆ ಓದಬೇಕು, ನಮಗೆ ಬೇಕಾದ್ದನ್ನ ಮಾತ್ರ ಹರಿದು ಇಟ್ಕೊಳ್ಳಬಾರದು, ಈ ಮಾತು ಮೆತ್ತಗಿರೋರಿಗೂ ಗಟ್ಟಿಯಾಗಿರೋರಿಗೂ ಅನ್ವಯ.

ಇನ್ನೊಂದು, ನನಗೆ ತುಂಬ ಮುಖ್ಯ ಅನ್ಸೋದು 1861. ಒಂದು ಕೆಲಸ ತಾನಾಗಿ ಗಂಭೀರ ತಪ್ಪು ಅಂತ ನಾವು ತೀರ್ಮಾನಿಸಬಹುದು, ಆದ್ರೆ ವ್ಯಕ್ತಿಗಳ ತೀರ್ಪನ್ನ ದೇವರ ನ್ಯಾಯಕ್ಕೂ ಕರುಣೆಗೂ ಬಿಟ್ಟುಬಿಡಬೇಕು ಅಂತ ಅಲ್ಲಿದೆ. ಅಷ್ಟೊಂದು ಸಂತರನ್ನ ಘೋಷಿಸಿದ ಧರ್ಮಸಭೆ ಇಂಥ ವ್ಯಕ್ತಿ ನರಕದಲ್ಲಿದಾನೆ ಅಂತ ಇವತ್ತಿನವರೆಗೂ ಒಬ್ಬರ ಹೆಸರನ್ನೂ ಅಧಿಕೃತವಾಗಿ ಹೇಳಿಲ್ಲ. ಆ ಪಟ್ಟಿಯ ಕೊನೇ ಸಾಲು ಇದೆಯಲ್ಲ "ನೇರ ನರಕ" ಅಂತ, ಅಲ್ಲಿ ಆ ಬರೆದವರು ಧರ್ಮಸಭೆಗಿಂತ ಮುಂದೆ ಹೋಗಿಬಿಟ್ರು.

ಬೇರೆ ಸಭೆಯವನು:
ನಾನು ಪ್ರಾಟೆಸ್ಟಂಟ್, ಮಧ್ಯ ಬಾಯಿ ಹಾಕ್ತಿದೀನಿ, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಎಲ್ಲ ಪಾಪವೂ ದೇವರ ಮುಂದೆ ಪಾಪವೇ, ದೊಡ್ಡದು ಚಿಕ್ಕದು ಅಂತ ವಿಂಗಡಿಸೋದು ಮನುಷ್ಯರು ಮಾಡ್ಕೊಂಡಿದ್ದು ಅಂತ ಕಲಿಸ್ತಾರೆ. ಯಾಕೋಬನ ಪತ್ರ 2:10ರಲ್ಲಿ ಒಂದೇ ಒಂದು ವಿಷಯದಲ್ಲಿ ಎಡವಿದವನು ಇಡೀ ಧರ್ಮಶಾಸ್ತ್ರಕ್ಕೆ ಅಪರಾಧಿ ಅಂತ ಇದೆಯಲ್ಲ? ಹಾಗಾದ್ರೆ ಈ ಮಾರಕ, ಲಘು ಅನ್ನೋ ಭೇದ ಎಲ್ಲಿಂದ ಬಂತು?

ಹಳೇ ಪುಟಗಳು:
ಅಣ್ಣ ನಿಮ್ಮ ಪ್ರಶ್ನೆ ಹೊಸದಲ್ಲ, ಇದೇ ವಚನವನ್ನ ಇಟ್ಕೊಂಡು ಸಂತ ಅಗಸ್ಟೀನರು 415ರ ಸುಮಾರಿಗೆ ಸಂತ ಜೆರೋಮರಿಗೆ ಒಂದು ಉದ್ದದ ಪತ್ರವೇ ಬರೆದಿದಾರೆ. ಎಲ್ಲ ಪಾಪವೂ ಸಮ ಅನ್ನೋದು ಆಗಿನ ಸ್ಟೋಯಿಕ್ ತತ್ವಜ್ಞಾನಿಗಳ ವಾದ, ಯಾಕೋಬ ಹೇಳ್ತಿರೋದು ಅದನ್ನಲ್ಲ, ಇಡೀ ಧರ್ಮಶಾಸ್ತ್ರ ಪ್ರೀತಿ ಅನ್ನೋ ಒಂದರ ಮೇಲೆ ನಿಂತಿದೆ, ಆ ಪ್ರೀತಿಗೆ ವಿರುದ್ಧ ಹೋದವನು ಎಲ್ಲಕ್ಕೂ ಆಧಾರವಾಗಿರೋದನ್ನೇ ಮುಟ್ಟಿದ ಹಾಗೆ, ಅಂತ ಅವರ ವಿವರಣೆ.

ಬೈಬಲಲ್ಲೇ ನೋಡೋದಾದ್ರೆ ಯೊವಾನ್ನನ ಮೊದಲ ಪತ್ರ 5:16-17 ನೇರವಾಗೇ ಇದೆ, ಮರಣಕ್ಕೆ ಒಯ್ಯೋ ಪಾಪ ಇದೆ, ಮರಣಕ್ಕೆ ಒಯ್ಯದ ಪಾಪವೂ ಇದೆ ಅಂತ. ಯೇಸುಸ್ವಾಮಿ ರೋಮನ್ ಅಧಿಕಾರಿ ಪಿಲಾತನ ಮುಂದೆ ನಿಂತು ನನ್ನನ್ನ ನಿನ್ನ ಕೈಗೆ ಒಪ್ಪಿಸಿದವನ ಪಾಪ ಹೆಚ್ಚಿನದು ಅಂದಿದ್ದು ಯೊವಾನ್ನ 19:11ರಲ್ಲಿದೆ. ಹೆಚ್ಚಿನದು ಇದ್ರೆ ಕಡಿಮೆಯದೂ ಇರಲೇಬೇಕು. ಸಂತ ಪೌಲ ಗಲಾತ್ಯರಿಗೆ ಬರೀವಾಗ ಇಂಥ ಕೆಲಸ ಮಾಡೋರು ದೇವರ ರಾಜ್ಯಕ್ಕೆ ವಾರಸುದಾರರಾಗಲ್ಲ ಅಂತ ಕೆಲವನ್ನ ಹೆಸರಿಸಿ ಹೇಳ್ತಾರೆ, ಊಟದಲ್ಲಿ ಒಂದು ತುತ್ತು ಜಾಸ್ತಿ ತಿಂದೋರನ್ನ ಆ ಸಾಲಿಗೆ ಸೇರಿಸಿಲ್ಲ.

ಸಂತ ಥಾಮಸ್ ಅಕ್ವಿನಾಸರು ಕಾಯಿಲೆ ಮತ್ತೆ ಸಾವಿನ ಉದಾಹರಣೆ ಕೊಡ್ತಾರೆ. ಜೀವ ಇರೋವರೆಗೂ ದೇಹ ಕಾಯಿಲೆ ವಿರುದ್ಧ ತಾನೇ ಹೋರಾಡಿ ವಾಸಿಯಾಗಬಹುದು, ಜೀವವೇ ಹೋದ್ರೆ ಒಳಗಿಂದ ಏನೂ ಆಗಲ್ಲ, ಹೊರಗಿಂದ ದೇವರೇ ಜೀವ ಕೊಡಬೇಕು. ಮಾರಕ ಪಾಪದಲ್ಲಿ ದೇವರೇ ನನ್ನ ಗುರಿ ಅನ್ನೋದು ಹೋಗಿ ಬೇರೆ ಏನೋ ಗುರಿ ಆಗಿಬಿಡತ್ತೆ. ಲಘು ಪಾಪದಲ್ಲಿ ಗುರಿ ಅದೇ ಇರತ್ತೆ, ದಾರೀಲಿ ಅಡ್ಡಾದಿಡ್ಡಿ ನಡೀತೀವಿ. ನನಗೆ ಇದಕ್ಕಿಂತ ಸ್ಪಷ್ಟ ವಿವರಣೆ ಬೇರೆ ಸಿಕ್ಕಿಲ್ಲ.

ಬೇರೆ ಸಭೆಯವನು:
ಪೌಲ, ಯೊವಾನ್ನ ವಚನಗಳನ್ನ ನಾನು ಈ ದೃಷ್ಟೀಲಿ ಓದಿರಲಿಲ್ಲ. ಪೂರ್ತಿ ಒಪ್ಪದೆ ಇದ್ರೂ ತರ್ಕ ಅರ್ಥ ಆಯ್ತು. ಆದ್ರೆ ಪಾದ್ರಿ ಹತ್ರ ಎಣಿಸಿ ಎಣಿಸಿ ಹೇಳಬೇಕು ಅನ್ನೋದು ಮೊದಲಿಂದಲೂ ಇತ್ತಾ?

ಹಳೇ ಪುಟಗಳು:
ಈಗಿನ ರೂಪದಲ್ಲಿ ಇರಲಿಲ್ಲ. ಮೊದಲ ಶತಮಾನಗಳಲ್ಲಿ ಜ್ಞಾನಸ್ನಾನ ಆದ ಮೇಲೆ ಧರ್ಮತ್ಯಾಗ, ಕೊಲೆ, ವ್ಯಭಿಚಾರದಂಥ ದೊಡ್ಡ ಪಾಪಕ್ಕೆ ಬಹಿರಂಗ ಪ್ರಾಯಶ್ಚಿತ್ತ ಇತ್ತು, ತಿಂಗಳು, ವರ್ಷಗಟ್ಟಲೆ, ಪರಮಪ್ರಸಾದ (ಪೂಜೇಲಿ ಕೊಡೋ ಕಮ್ಯುನಿಯನ್) ಇಲ್ಲದೆ, ಮತ್ತೆ ಅದು ಸಾಮಾನ್ಯವಾಗಿ ಜೀವಮಾನದಲ್ಲಿ ಒಂದೇ ಸಲ. 250ರಲ್ಲಿ ಡೇಸಿಯಸ್ ಚಕ್ರವರ್ತಿಯ ಹಿಂಸೆಗೆ ಹೆದರಿ ದೇವತೆಗಳಿಗೆ ಬಲಿ ಕೊಟ್ಟ ಕ್ರೈಸ್ತರು ಎಷ್ಟೋ ಜನ, ಹಿಂಸೆ ನಿಂತ ಮೇಲೆ ವಾಪಸ್ ಬಂದ್ರು. ಅವರನ್ನ ಸೇರಿಸಲೇಬಾರದು ಅಂತ ರೋಮಿನಲ್ಲಿ ನೊವೇಷಿಯನ್ ಹಟ ಹಿಡಿದ, ಪೋಪ್ ಕೊರ್ನೇಲಿಯುಸ್ ಮತ್ತು ಕಾರ್ತೇಜಿನ ಬಿಷಪ್ ಸಿಪ್ರಿಯನ್ ಪ್ರಾಯಶ್ಚಿತ್ತ ಮಾಡಿಸಿ ಸೇರಿಸ್ಕೋಬೇಕು ಅಂದ್ರು. ಧರ್ಮಸಭೆ ನಿಂತಿದ್ದು ಎರಡನೇ ಪಕ್ಷದಲ್ಲಿ. 325ರ ನಿಸಿಯಾ ಮಹಾಸಭೆಯಂತೂ ಸಾಯ್ತಾ ಇರೋ ಯಾರಿಗೂ ಕೊನೆಯ ಪರಮಪ್ರಸಾದ ಇಲ್ಲ ಅನ್ನಬಾರದು ಅಂತ ಕಟ್ಟಳೆ ಮಾಡ್ತು.

ಗುಟ್ಟಾಗಿ, ಮತ್ತೆ ಮತ್ತೆ ಹೇಳ್ಕೊಳ್ಳೋ ಪದ್ಧತಿ ಹರಡಿದ್ದು ಐರ್ಲೆಂಡಿನ ಸನ್ಯಾಸಿಗಳಿಂದ, ಆರು ಏಳನೇ ಶತಮಾನದಲ್ಲಿ. ಅದಕ್ಕೂ ವಿರೋಧ ಇತ್ತು, 589ರಲ್ಲಿ ಸ್ಪೇನಿನ ಟೊಲೇಡೊ ಸಭೆ ಹೀಗೆ ಪಾಪ ಮಾಡಿದಾಗೆಲ್ಲ ಕ್ಷಮೆ ಕೇಳ್ಕೊಂಡು ಬರೋದು ಖಂಡನೀಯ ಅಂತ ಬರೀತು. ಆಮೇಲೆ ಅದೇ ಇಡೀ ಲ್ಯಾಟಿನ್ ಧರ್ಮಸಭೆಯ ರೂಢಿ ಆಯ್ತು, 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೆ ಒಂದ್ಸಲವಾದ್ರೂ ಮಾಡಲೇಬೇಕು ಅಂತು, 1551ರಲ್ಲಿ ಟ್ರೆಂಟ್ ಮಹಾಸಭೆ ನೆನಪಿರೋ ಒಂದೊಂದು ಮಾರಕ ಪಾಪವನ್ನೂ ಹೇಳಬೇಕು ಅಂತ ಖಚಿತ ಮಾಡ್ತು. ಅಂದ್ರೆ ರೂಪ ಬದಲಾಗ್ತಾ ಬಂದಿದೆ, ದೇವರಿಂದ ಪೂರ್ತಿ ಬೇರೆ ಮಾಡೋ ಪಾಪ ಇದೆ, ಅದಕ್ಕೆ ಧರ್ಮಸಭೆಯ ಮೂಲಕ ಕ್ಷಮೆಯೂ ಇದೆ ಅನ್ನೋದು ಬದಲಾಗಿಲ್ಲ. ನೊವೇಷಿಯನ್‌ನ ಹಟ ಗೆದ್ದಿದ್ರೆ ಇವತ್ತು ನಮ್ಮಲ್ಲಿ ಎಷ್ಟು ಜನ ಒಳಗಿರ್ತಿದ್ವಿ ಅಂತ ಯೋಚನೆ ಮಾಡ್ತೀನಿ ಒಮ್ಮೊಮ್ಮೆ.

ರಾತ್ರಿಪಾಳಿ ನರ್ಸ್:
ತುಂಬ ದಿನದಿಂದ ಮನಸ್ಸಲ್ಲಿ ಇಟ್ಕೊಂಡಿರೋದು ಕೇಳ್ತೀನಿ. ನಮ್ಮ ಸಂಬಂಧಿಕ ಹುಡುಗ ಒಬ್ಬ ಆತ್ಮಹತ್ಯೆ ಮಾಡ್ಕೊಂಡ. ತುಂಬಾ ಸಮಯದಿಂದ ಖಿನ್ನತೆ ಇತ್ತು, ಔಷಧಿ ತಗೋತಿದ್ದ. ಮನೆಗೆ ಬಂದ ಹಿರಿಯರೊಬ್ರು ಅವನ ತಾಯಿ ಎದುರಿಗೇ "ಅದು ಕ್ಷಮೆ ಇಲ್ಲದ ಪಾಪ, ಪಶ್ಚಾತ್ತಾಪ ಪಡೋಕೆ ಸಮಯವೇ ಇರಲ್ಲ" ಅಂದ್ರು. ಆ ತಾಯಿ ಅವತ್ತಿಂದ ಪೂಜೆಗೆ ಬರ್ತಿಲ್ಲ. ನಾನು ಅವರಿಗೆ ಏನು ಹೇಳಲಿ?

ಸಭಾಕಾನೂನು ಓದುವವನು:
ಅಕ್ಕ, ಇದನ್ನ ಆ ತಾಯಿಗೆ ತೋರಿಸಿ, ಬೇಕಾದ್ರೆ ಪ್ರಿಂಟ್ ಹಾಕಿ ಕೊಡಿ. ಧರ್ಮೋಪದೇಶ ಗ್ರಂಥ 2282 ಮತ್ತು 2283. ಗಂಭೀರ ಮಾನಸಿಕ ತೊಂದರೆ, ತೀವ್ರ ಯಾತನೆ, ಭಯ ಇವು ಆತ್ಮಹತ್ಯೆ ಮಾಡ್ಕೊಂಡವರ ಹೊಣೆಯನ್ನ ಕಡಿಮೆ ಮಾಡಬಹುದು ಅಂತ ಮೊದಲನೇದರಲ್ಲಿ ಇದೆ. ಎರಡನೇದರಲ್ಲಿ ಅವರ ನಿತ್ಯ ರಕ್ಷಣೆ ಬಗ್ಗೆ ನಿರಾಶರಾಗಬಾರದು, ದೇವರಿಗೆ ಮಾತ್ರ ಗೊತ್ತಿರೋ ದಾರಿಗಳಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡೋಕೆ ಆತನಿಗೆ ಸಾಧ್ಯ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸತ್ತೆ ಅಂತ ಇದೆ. ಇದು ಯಾರೋ ಒಬ್ಬ ಕರುಣೆಯ ಫಾದರ್ ಸಮಾಧಾನಕ್ಕೆ ಹೇಳಿದ್ದಲ್ಲ, ಧರ್ಮಸಭೆಯ ಅಧಿಕೃತ ಬೋಧನೆ.

ಆ ಹಿರಿಯರು ಯಾಕೆ ಹಾಗೆ ಅಂದ್ರು ಅಂತ ಊಹಿಸಬಲ್ಲೆ. 1917ರ ಹಳೇ ಸಭಾಕಾನೂನಲ್ಲಿ ಬೇಕು ಅಂತಲೇ ಯೋಚಿಸಿ ತಮ್ಮನ್ನ ಕೊಂದುಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ಇಲ್ಲ ಅಂತ ಇತ್ತು. 1983ರ ಈಗಿನ ಕಾನೂನಿನ 1184ನೇ ವಿಧಿಯಲ್ಲಿ ಅಂತ್ಯಕ್ರಿಯೆ ನಿರಾಕರಿಸೋ ಪಟ್ಟಿ ಇದೆ, ಅದರಲ್ಲಿ ಆತ್ಮಹತ್ಯೆ ಅನ್ನೋದೇ ಇಲ್ಲ. ಕೆಲಸ ಗಂಭೀರ ತಪ್ಪು ಅನ್ನೋ ಬೋಧನೆ ಹಾಗೇ ಇದೆ, ಕಾಯಿಲೆಯಿಂದ ನರಳಿದ ಒಬ್ಬ ಹುಡುಗನ ಮನಸ್ಸಲ್ಲಿ ಪೂರ್ಣ ಒಪ್ಪಿಗೆ ಇತ್ತು ಅಂತ ಹೇಳೋ ಅಧಿಕಾರ ಮಾತ್ರ ಯಾರಿಗೂ ಇಲ್ಲ. ಅವನ ಹೆಸರಲ್ಲಿ ಪೂಜೆ ಇಡಿಸಿ, ತಾಯಿ ಪಕ್ಕ ಕೂತ್ಕೊಳ್ಳಿ. ಅವರಿಗೂ ಅಥವಾ ಮನೇಲಿ ಬೇರೆ ಯಾರಿಗಾದ್ರೂ ಅಂಥ ಯೋಚನೆ ಬರ್ತಾ ಇದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಕೆ ತಡ ಮಾಡಬೇಡಿ.

ನೇರಮಾತು:
ಅಕ್ಕ, ಮೇಲೆ ನಾನು ಗಟ್ಟಿಯಾಗಿ ಮಾತಾಡಿದೆ, ಆದ್ರೆ ಈ ವಿಷಯದಲ್ಲಿ ಇವರು ಹೇಳಿದ್ದು ಅಕ್ಷರಶಃ ಸರಿ. ದುಃಖದಲ್ಲಿರೋ ತಾಯಿಗೆ ಆ ಮಾತು ಹೇಳಿದ್ದು ಸತ್ಯವೂ ಅಲ್ಲ, ಪ್ರೀತಿಯೂ ಅಲ್ಲ. ನಾನೂ ಆ ಹುಡುಗನಿಗಾಗಿ ಇವತ್ತು ಜಪಸರ ಪ್ರಾರ್ಥನೆ ಮಾಡ್ತೀನಿ.

ಹುಡುಕಾಟ:
ಎಲ್ಲ ಓದ್ತಾ ಇದೀನಿ, ತುಂಬ ಧನ್ಯವಾದ. ಎರಡು ಪ್ರಶ್ನೆ ಉಳಿದಿದೆ. ಕಳ್ಳತನ ಗಂಭೀರ ವಿಷಯ ಅಂತೀರಿ, ಹಾಗಾದ್ರೆ ಆಫೀಸಿಂದ ಒಂದು ಪೆನ್ನು ತಂದ್ರೂ ಮಾರಕ ಪಾಪವಾ? ಮತ್ತೆ ಸಪ್ತ ಮಹಾಪಾಪ ಅಂತಾರಲ್ಲ, ಅದೇ ಇದಾ?

ಧರ್ಮೋಪದೇಶ ಟೀಚರ್:
ಎರಡನೇದಕ್ಕೆ ಬೇಗ ಉತ್ತರ. ಅದೇ ಅಲ್ಲ. ಅಹಂಕಾರ, ದುರಾಸೆ, ಅಸೂಯೆ, ಕೋಪ, ಕಾಮ, ಹೊಟ್ಟೆಬಾಕತನ, ಸೋಮಾರಿತನ ಇವು ಬೇರೆ ಪಾಪಗಳನ್ನ ಹುಟ್ಟಿಸೋ ಕೆಟ್ಟ ಗುಣಗಳು. ನಾಲ್ಕನೇ ಶತಮಾನದ ಎವಾಗ್ರಿಯಸ್ ಅನ್ನೋ ಸನ್ಯಾಸಿ ಎಂಟು ದುರಾಲೋಚನೆ ಅಂತ ಬರೆದಿದ್ರು, ಸುಮಾರು 200 ವರ್ಷ ಆದ್ಮೇಲೆ ಪೋಪ್ ಮಹಾ ಗ್ರೆಗರಿ ಅವನ್ನ ಏಳರ ಪಟ್ಟಿಗೆ ತಂದ್ರು. ಒಂದು ಕ್ಷಣ ಕೋಪ ಬಂದಿದ್ದು ಲಘು ಪಾಪ ಇರಬಹುದು, ಪಾಪವೇ ಅಲ್ದೇನೂ ಇರಬಹುದು, ಅದೇ ಕೋಪ ದ್ವೇಷ ಆಗಿ ಒಬ್ಬರ ಜೀವನ ಹಾಳು ಮಾಡೋಕೆ ಹೊರಟ್ರೆ ಗಂಭೀರ.

ಕಳ್ಳತನದ ವಿಷಯ. ಪೆನ್ನು ತಂದಿದ್ದು ತಪ್ಪೇ, ಆದ್ರೆ ವಿಷಯ ಚಿಕ್ಕದು, ಅಕ್ವಿನಾಸರೂ ತೀರಾ ಸಣ್ಣ ವಸ್ತು ತಗೊಂಡಿದ್ದನ್ನ ಮಾರಕ ಪಾಪ ಅನ್ನಲ್ಲ. ಇಲ್ಲಿ ಬೆಲೆ ಒಂದೇ ನೋಡಬೇಡಿ, ಯಾರಿಗೆ ಅನ್ಯಾಯ ಆಯ್ತು ಅನ್ನೋದೂ ಮುಖ್ಯ ಅಂತ ಧರ್ಮೋಪದೇಶ ಗ್ರಂಥದ 1858ನೇ ಪ್ಯಾರಾ ಹೇಳತ್ತೆ. ಶ್ರೀಮಂತನ ಜೇಬಿಂದ ಹೋದ ಅದೇ ಮೊತ್ತ ಒಬ್ಬ ಬಡ ವಿಧವೆಯ ಕೈಯಿಂದ ಹೋದ್ರೆ ಅವಳ ಒಂದು ವಾರದ ಊಟ ಹೋಗಬಹುದು. ಕೂಲಿಯವನಿಗೆ ದುಡಿಸಿ ಸಂಬಳ ಕೊಡದೇ ಇರೋದು ಸ್ವರ್ಗಕ್ಕೆ ಮೊರೆಯಿಡೋ ಪಾಪಗಳಲ್ಲಿ ಒಂದು, 1867ನೇ ಪ್ಯಾರಾ ನೋಡಿ, ಅಣ್ಣನ ಕೈಯಲ್ಲೇ ಕೊಲೆಯಾದ ಅಬೆಲನ ರಕ್ತದ ಪಕ್ಕದಲ್ಲೇ ಅದನ್ನ ಇಟ್ಟಿದಾರೆ. ಯಾಕೋಬನ ಪತ್ರ 5:4ರಲ್ಲಿ ನೀವು ಹಿಡಿದಿಟ್ಟ ಕೂಲಿ ಕೂಗ್ತಾ ಇದೆ ಅಂತ ಇದೆ. ವಾಟ್ಸಾಪ್ ಪಟ್ಟಿಗಳಲ್ಲಿ ಕಾಮದ ಪಾಪ ಹತ್ತು ಸಾಲು ಇರತ್ತೆ, ಕೆಲಸದವರ ಸಂಬಳ ತಡೆದಿಟ್ಟಿದ್ದು ಒಂದು ಸಾಲೂ ಇರಲ್ಲ. ಮನೆ ಕೆಲಸದವರಿಗೆ ಕೊಡಬೇಕಾದ್ದನ್ನ ಕೊಡದೆ ಭಾನುವಾರ ಮುಂದಿನ ಸಾಲಲ್ಲಿ ಕೂತು ಪರಮಪ್ರಸಾದ ತಗೊಳ್ಳೋರಿಗೆ ಇದನ್ನ ಯಾರಾದ್ರೂ ಹೇಳಲೇಬೇಕು.

ಭಾನುವಾರದ ಪೂಜೆನೂ ಹಾಗೇ. 2181ರಲ್ಲಿ ಬೇಕಂತಲೇ ತಪ್ಪಿಸೋದು ಗಂಭೀರ ಪಾಪ ಅಂತಿದೆ, ಅದೇ ಪ್ಯಾರಾದಲ್ಲಿ ಕಾಯಿಲೆ, ಹಸುಗೂಸಿನ ಆರೈಕೆಯಂಥ ಕಾರಣ ಇದ್ರೆ ಆ ಬಾಧ್ಯತೆ ಇಲ್ಲ ಅಂತಲೂ ಇದೆ. ಜ್ವರ ಬಂದು ಮಲಗಿದವರು ಪಾಪನಿವೇದನೆಗೆ ಬಂದು ಅದನ್ನ ಹೇಳೋ ಅವಶ್ಯಕತೆನೇ ಇಲ್ಲ.

ನಿದ್ದೆಬಾರದವನು:
ಮೊದಲ ಸಲ ಇಲ್ಲಿ ಬರೀತಿದೀನಿ. ನನಗೆ ನಿಮ್ಮ ಮೂರು ಷರತ್ತೇ ಸಮಸ್ಯೆ. ಒಂದು ಕೆಟ್ಟ ಯೋಚನೆ ಬರತ್ತೆ, ತಕ್ಷಣ ಒಪ್ಪಿದೆನಾ ಇಲ್ವಾ ಅಂತ ಗಂಟೆಗಟ್ಟಲೆ ಹುಡುಕ್ತಾ ಕೂರ್ತೀನಿ. ಪಾಪನಿವೇದನೆ ಮಾಡಿ ಬಂದ ಮೇಲೆ ಸರಿಯಾಗಿ ಹೇಳಿದೆನಾ ಅಂತ ಮತ್ತೆ ಹೋಗಬೇಕು ಅನ್ಸತ್ತೆ. ಪರಮಪ್ರಸಾದಕ್ಕೆ ಎದ್ದು ಸಾಲಲ್ಲಿ ನಿಂತು ವಾಪಸ್ ಬಂದು ಕೂತಿದ್ದೂ ಇದೆ. ಪೂರ್ಣ ಒಪ್ಪಿಗೆ ಇತ್ತಾ ಅಂತ ಖಂಡಿತವಾಗಿ ಹೇಳೋದು ಹೇಗೆ?

ಸಭಾಕಾನೂನು ಓದುವವನು:
ತಮ್ಮ, ಯೋಚನೆ ಬಂದಿದ್ದಕ್ಕೇ ಪಾಪ ಅಂತ ಯಾರೂ ಹೇಳಲ್ಲ. ಬಂತು, ನಿನಗೆ ಬೇಡ ಅನ್ನಿಸ್ತು, ಕಷ್ಟಪಟ್ಟೆ, ಇಷ್ಟು ಸಾಕು ಒಪ್ಪಿಗೆ ಇರಲಿಲ್ಲ ಅನ್ನೋಕೆ. ಒಪ್ಪಿಗೆ ಅಂದ್ರೆ ಅಯ್ಯೋ ಬಂದುಬಿಡ್ತಲ್ಲ ಅನ್ನೋದಲ್ಲ, ಗೊತ್ತಿದ್ದೂ ಸರಿ ಇರಲಿ ಬಿಡು ಅಂತ ಅದನ್ನ ಆರಿಸ್ಕೊಳ್ಳೋದು. ನೀನು ಹೇಳ್ತಿರೋ ಈ ಸ್ಥಿತಿ ಧರ್ಮಸಭೆಗೆ ಶತಮಾನಗಳಿಂದ ಗೊತ್ತು, ಅತಿಶಂಕೆ ಅಂತ ಇಟ್ಕೋ. ಲೊಯೋಲದ ಸಂತ ಇಗ್ನೇಷಿಯಸ್ 1522ರಲ್ಲಿ ಮನ್ರೇಸಾದಲ್ಲಿ ಇದ್ದಾಗ ಇದರಲ್ಲೇ ಸಿಕ್ಕಿ ನರಳಿದ್ರು, ಹಳೇ ಪಾಪಗಳನ್ನ ಮತ್ತೆ ಮತ್ತೆ ಹೇಳಿ ಸಮಾಧಾನ ಸಿಗದೆ ಪ್ರಾಣ ಕಳ್ಕೊಳ್ಳೋ ಯೋಚನೆವರೆಗೂ ಹೋಗಿದ್ರು. ಹಳೇದನ್ನ ಇನ್ನು ಮೇಲೆ ಪಾಪನಿವೇದನೆಯಲ್ಲಿ ಎತ್ತಲ್ಲ ಅಂತ ಅವರು ಗಟ್ಟಿ ಮನಸ್ಸು ಮಾಡಿದ ಮೇಲೆ ಅದರಿಂದ ಹೊರಗೆ ಬಂದ್ರು. ಆಮೇಲೆ ತಮ್ಮ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದಲ್ಲಿ ಒಂದು ಉದಾಹರಣೆ ಬರೆದ್ರು, ಎರಡು ಹುಲ್ಲುಕಡ್ಡಿ ಶಿಲುಬೆ ಆಕಾರದಲ್ಲಿ ಬಿದ್ದಿರತ್ತೆ, ಅಕಸ್ಮಾತ್ ತುಳಿದವನು ಪಾಪ ಮಾಡಿಬಿಟ್ಟೆ ಅಂತ ತೀರ್ಮಾನ ಮಾಡ್ತಾನೆ, ಅದು ಬರೀ ತಪ್ಪು ತೀರ್ಮಾನ ಅಂತ.

ಸಂತ ಅಲ್ಫೋನ್ಸಸ್ ಲಿಗೋರಿ, 1696ರಿಂದ 1787ರವರೆಗೆ ಬದುಕಿದೋರು, ಪಾಪನಿವೇದನೆ ಕೇಳೋ ಗುರುಗಳಿಗೆಲ್ಲ ಪಾಲಕ ಸಂತ, ಅವರಿಗೂ ಇದೇ ಕಾಟ ಇತ್ತು. ಅವರಂಥವರು ಕೊಟ್ಟ ಮದ್ದು, ಒಬ್ಬರೇ ಗುರುಗಳನ್ನ ಹಿಡ್ಕೋ, ಅವರು ಹೇಳಿದಂತೆ ನಡಿ, ಅವರು ಕ್ಷಮೆ ಆಗಿದೆ ಅಂದ್ರೆ ಆಗಿದೆ, ಮತ್ತೆ ಅಗೀಬೇಡ. ಅತಿಶಂಕೆ ಇರೋರಿಗೆ ಪರಂಪರೆಯಿಂದ ಬಂದ ಇನ್ನೊಂದು ಮಾತಿದೆ, ಮಾರಕ ಪಾಪ ಮಾಡಿದೀನಿ ಅಂತ ಸಂಶಯವೇ ಇಲ್ಲದೆ ಪ್ರಮಾಣ ಮಾಡಿ ಹೇಳೋಕಾಗದಿದ್ರೆ ಮಾಡಿಲ್ಲ ಅಂತಲೇ ಇಟ್ಕೋಬೇಕು. ಹುಡುಕಾಟ ಅವರೇ, ಇದು ಅತಿಶಂಕೆ ಇರೋರಿಗೆ ಹೇಳಿದ್ದು, ಪಾಪವನ್ನ ಲೆಕ್ಕಕ್ಕೇ ತಗೊಳ್ಳದವರಿಗೆ ಇದೇ ಮದ್ದು ಕೊಟ್ರೆ ವಿಷ ಆಗತ್ತೆ.

ರಾತ್ರಿಪಾಳಿ ನರ್ಸ್:
ತಮ್ಮ, ಇನ್ನೊಂದು ಮಾತು. ಗಂಟೆಗಟ್ಟಲೆ ಪರೀಕ್ಷೆ ಮಾಡ್ಕೊಳ್ಳೋದು, ಮಾಡಿದ್ದನ್ನೇ ಮತ್ತೆ ಮಾಡೋದು, ನಿದ್ದೆ ಬಾರದಿರೋದು ಇದೆಲ್ಲ ಗೀಳು ಕಾಯಿಲೆಯ ಲಕ್ಷಣವೂ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸ ಮಾಡತ್ತೆ. ಗುರುಗಳನ್ನೂ ನೋಡು, ಮನೋವೈದ್ಯರನ್ನೂ ನೋಡು. ಡಾಕ್ಟರ್ ಹತ್ರ ಹೋಗೋದು ವಿಶ್ವಾಸ ಕಡಿಮೆ ಆಗಿದ್ದಕ್ಕಲ್ಲ.

ಹುಡುಕಾಟ:
ಪರಮಪ್ರಸಾದದ ಮಾತು ಬಂತಲ್ಲ. ಗಂಭೀರ ಪಾಪ ಇದೆ ಅಂತ ಖಂಡಿತ ಗೊತ್ತಿದ್ದವರು ಏನು ಮಾಡಬೇಕು? ಪಾಪನಿವೇದನೆಗೆ ಗುರುಗಳೇ ಸಿಗದಿದ್ರೆ?

ಸಭಾಕಾನೂನು ಓದುವವನು:
ಸಭಾಕಾನೂನಿನ 916ನೇ ವಿಧಿ. ಗಂಭೀರ ಪಾಪ ಇದೆ ಅಂತ ಅರಿವಿರೋರು ಮೊದಲು ಪಾಪನಿವೇದನೆ ಮಾಡದೆ ಪರಮಪ್ರಸಾದ ತಗೋಬಾರದು. ಇದಕ್ಕೆ ಮೂಲ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ, ಅಯೋಗ್ಯವಾಗಿ ತಿನ್ನೋನು ಪ್ರಭುವಿನ ದೇಹಕ್ಕೂ ರಕ್ತಕ್ಕೂ ಅಪರಾಧಿ ಅನ್ನೋ ಮಾತು. ಆದ್ರೆ ಅದೇ ವಿಧಿಯಲ್ಲಿ ವಿನಾಯ್ತಿ ಇದೆ, ಗಂಭೀರ ಕಾರಣ ಇದ್ದು, ಪಾಪನಿವೇದನೆಗೆ ಅವಕಾಶವೇ ಇಲ್ಲದಿದ್ರೆ, ಪರಿಪೂರ್ಣ ಪಶ್ಚಾತ್ತಾಪ ಪಡಬೇಕು, ಆದಷ್ಟು ಬೇಗ ಪಾಪನಿವೇದನೆ ಮಾಡ್ತೀನಿ ಅನ್ನೋ ನಿರ್ಧಾರವೂ ಅದರಲ್ಲೇ ಸೇರಿದೆ.

ಪರಿಪೂರ್ಣ ಪಶ್ಚಾತ್ತಾಪ ಅಂದ್ರೆ ನರಕದ ಭಯಕ್ಕಿಂತ ಮೇಲೆ, ಇಷ್ಟು ಪ್ರೀತಿಸಿದ ದೇವರಿಗೆ ನೋವು ಮಾಡಿದೆನಲ್ಲ ಅಂತ ದೇವರ ಮೇಲಿನ ಪ್ರೀತಿಯಿಂದ ಹುಟ್ಟೋ ದುಃಖ. ಪಾಪನಿವೇದನೆ ಮಾಡೋ ದೃಢ ಮನಸ್ಸು ಜೊತೆಗಿದ್ರೆ ಅಂಥ ಪಶ್ಚಾತ್ತಾಪ ಮಾರಕ ಪಾಪಕ್ಕೂ ಕ್ಷಮೆ ತರತ್ತೆ, ಧರ್ಮೋಪದೇಶ ಗ್ರಂಥದ 1452ನೇ ಪ್ಯಾರಾದಲ್ಲಿದೆ. ನಿಮ್ಮ ವಾಟ್ಸಾಪ್ ಪಟ್ಟಿ ಇದನ್ನೂ ಬಿಟ್ಟಿದೆ. ಇನ್ನು ಬರೀ ಭಯದಿಂದ ಬಂದ ಪಶ್ಚಾತ್ತಾಪವೂ ವ್ಯರ್ಥ ಅಲ್ಲ, ಅದೂ ದೇವರ ವರವೇ, ಪಾಪನಿವೇದನೆ ಸಂಸ್ಕಾರಕ್ಕೆ ಬರೋಕೆ ಅಷ್ಟು ಸಾಕು.

ನೇರಮಾತು:
ಈ ಮಾತನ್ನ ಎಲ್ಲರೂ ಕೇಳಿಸ್ಕೋಬೇಕು. ಸಾಲಲ್ಲಿ ಎಲ್ಲರೂ ಎದ್ರು ಅಂತ ನಾವೂ ಎದ್ದು ಹೋಗಬಾರದು. ಹಾಗೇ ಒಬ್ಬರು ಎದ್ದು ಹೋಗದೆ ಕೂತಿದ್ರೆ ಏನು ಪಾಪ ಮಾಡಿದಾನೋ ಅಂತ ತಿರುಗಿ ನೋಡೋದನ್ನೂ ಬಿಡಬೇಕು, ಆ ನೋಟಕ್ಕೆ ಹೆದರಿಯೇ ಎಷ್ಟೋ ಜನ ಹೋಗಬಾರದ ಸ್ಥಿತೀಲಿ ಹೋಗಿಬಿಡ್ತಾರೆ.

ದೂರ ಉಳಿದವನು:
ನಾನು ಪಾಪನಿವೇದನೆ ಮಾಡಿ ಬಹಳ ವರ್ಷ ಆಯ್ತು. ಇದನ್ನೆಲ್ಲ ಓದಿ ಹೋಗಬೇಕು ಅನ್ನಿಸ್ತಿದೆ. ಆದ್ರೆ ಏನೇನು, ಎಷ್ಟು ಸಲ ಅಂತ ಎಲ್ಲ ನೆನಪಿಲ್ಲ. ಒಂದು ಬಿಟ್ಟುಹೋದ್ರೆ ಎಲ್ಲ ವ್ಯರ್ಥ ಆಗತ್ತಾ?

ಧರ್ಮೋಪದೇಶ ಟೀಚರ್:
ಆಗಲ್ಲ ಅಣ್ಣ. ಸಭಾಕಾನೂನಿನ 988ನೇ ವಿಧಿ ಗಂಭೀರ ಪಾಪಗಳ ಬಗೆ ಮತ್ತು ಸಂಖ್ಯೆ ಹೇಳಬೇಕು ಅನ್ನತ್ತೆ, ಆದ್ರೆ ಚೆನ್ನಾಗಿ ಆತ್ಮಶೋಧನೆ ಮಾಡಿದ ಮೇಲೆ ನೆನಪಿಗೆ ಬಂದಷ್ಟು. ಲೆಕ್ಕ ಗೊತ್ತಿಲ್ಲದಿದ್ರೆ "ಕೆಲವು ವರ್ಷ, ತಿಂಗಳಿಗೆ ಒಂದೆರಡು ಸಲ" ಅಂತ ಅಂದಾಜಾಗಿ ಹೇಳಿದ್ರೆ ಆಯ್ತು. ನಿಜವಾಗ್ಲೂ ಮರೆತಿದ್ದೂ ಅದರ ಜೊತೆಗೇ ಕ್ಷಮೆ ಆಗಿರತ್ತೆ, ಆಮೇಲೆ ನೆನಪಾದ್ರೆ ಮುಂದಿನ ಸಲ ಹೋದಾಗ ಒಂದು ಮಾತು ಹೇಳಿ ಸಾಕು. ಬೇಕು ಅಂತಲೇ ಒಂದನ್ನ ಮುಚ್ಚಿಡೋದು ಮಾತ್ರ ಮಾಡಬಾರದು. ಹೇಗೆ ಶುರು ಮಾಡೋದು ಗೊತ್ತಾಗದಿದ್ರೆ "ಫಾದರ್, ಬಹಳ ವರ್ಷ ಆಯ್ತು, ಸ್ವಲ್ಪ ಸಹಾಯ ಮಾಡಿ" ಅಂತ ಹೇಳಿ, ಅವರೇ ಒಂದೊಂದೇ ಕೇಳ್ತಾರೆ. ನೀವು ಹೇಳಿದ್ದನ್ನ ಅವರು ಪ್ರಾಣ ಹೋದ್ರೂ ಯಾರಿಗೂ ಹೇಳೋ ಹಾಗಿಲ್ಲ.

ದೂರ ಉಳಿದವನು:
ಶನಿವಾರ ಸಂಜೆ ಪೂಜೆಗೆ ಮುಂಚೆ ಫಾದರ್ ಕೂತಿರ್ತಾರಂತೆ, ವಿಚಾರಿಸಿದೆ. ಹೋಗ್ತೀನಿ ಟೀಚರ್.